ಉಸಿರು ಹಿಡಿದುಕೊಳ್ಳಿ, ಮಾನ್ಯರೇ

ಮಾರ್ಚ್ ೪, ಸೋಮವಾರ

ಇಂದು ಬೆಳಿಗ್ಗೆ ಒಂಬತ್ತು ಗಂಟೆಗೆ ಈ ದಿನಚರಿಯ ಮಾಲೀಕರಾದ ನಾವು ಮನುಕುಲದ ಒಳಾಂಗಣದ ಅಧಿಕೃತ ಘೋಷಕರಾಗಿ ಅಧಿಕಾರ ಸ್ವೀಕರಿಸಿದೆವು. ಸಮಾರಂಭ ಸರಳವಾಗಿತ್ತು. ಟೆಕ್ನಿಷಿಯನ್ ಅಕ್ಕ ಒಂದು ನೀಲಿ ಕೋಟು ಕೊಟ್ಟು, "ತೋಳು ಉದ್ದ ಆಯ್ತು, ಮಡಚ್ಕೋ" ಅಂದಳು. ಅಷ್ಟೇ.

ಕೆಲಸವೆಂದರೆ ಮಾತಾಡುವುದು. ಜನರ ಆರೋಗ್ಯದ ಬಗ್ಗೆ ಇಲ್ಲೊಂದು ದೊಡ್ಡ ಅಧ್ಯಯನ ನಡೆಯುತ್ತಿದೆ. ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸುತ್ತಾರೆ. ರೋಗಿಗಳನ್ನಲ್ಲ, ಸುಮ್ಮನೆ ತಮ್ಮ ಪಾಡಿಗೆ ಓಡಾಡಿಕೊಂಡಿರುವವರನ್ನು. ಅವರನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ ಕತ್ತಿನಿಂದ ಮಂಡಿಯವರೆಗೆ ಒಳಗಿನ ಚಿತ್ರ ತೆಗೆಯುತ್ತಾರೆ. ಐದು ವರ್ಷ ಬಿಟ್ಟು ಅವರನ್ನೇ ಮತ್ತೆ ಕರೆದು ಮತ್ತೆ ಅದೇ. ಹೊಟ್ಟೆ, ಎದೆಯ ಚಿತ್ರ ತೆಗೆಯುವಾಗ ಅವರು ಉಸಿರು ಹಿಡಿದುಕೊಂಡಿರಬೇಕು. ಯಂತ್ರದ ಜೊತೆಗೇ ಬಂದ ಧ್ವನಿಯೊಂದು ಮೊದಲು ಅದನ್ನು ಹೇಳುತ್ತಿತ್ತಂತೆ. ಅದನ್ನು ಕೇಳಿ ಜನ ಗಾಬರಿಯಾಗಿ ಉಸಿರಾಡುವುದನ್ನೇ ಮರೆಯುತ್ತಿದ್ದರಂತೆ. ಆದ್ದರಿಂದ ನಾನು. "ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ." ಚಿತ್ರ ಬಂದ ಮೇಲೆ, "ಬಿಡಿ." ಇಷ್ಟಕ್ಕೆ ಸಂಬಳ.

ಯಂತ್ರಕ್ಕೆ ದೊಡ್ಡಪ್ಪ ಎಂದು ನಾಮಕರಣ ಮಾಡಿದ್ದೇನೆ. ಗದ್ದಲ ಜಾಸ್ತಿ, ಹೊಟ್ಟೆ ದೊಡ್ಡದು, ಒಳಗೆಲ್ಲ ಅಯಸ್ಕಾಂತ, ಹತ್ತಿರ ಹೋದವರ ಜೇಬಿನಲ್ಲಿರುವ ಕಬ್ಬಿಣವನ್ನೆಲ್ಲ ಕಿತ್ತುಕೊಳ್ಳುತ್ತದೆ.

ಮೂರು ತಿಂಗಳ ಕೆಲಸ. ಆಮೇಲೆ ದೊಡ್ಡಪ್ಪ ಯಾರೋ, ನಾನು ಯಾರೋ. ಅತ್ತೆಗೆ ಮಾತ್ರ "ದಾಖಲೆ ಆಫೀಸಿನಲ್ಲಿ ಕೆಲಸ" ಎಂದು ಹೇಳಿದ್ದೇನೆ. ನಾಲ್ಕನೇ ವಯಸ್ಸಿನಿಂದ ನನ್ನನ್ನು ಸಾಕಿದವಳು, ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಈ ಕೇಂದ್ರದ ಹೆಸರೆತ್ತಿದರೆ ಕೈಯಲ್ಲಿರುವ ಕತ್ತರಿಯನ್ನು ಕೆಳಗಿಡುತ್ತಾಳೆ. ಬೈಯುವಾಗ ಅವಳು ಕತ್ತರಿ ಕೆಳಗಿಡುವವಳಲ್ಲ. ಬೈಯಲೂ ಆಗದಿದ್ದಾಗ ಮಾತ್ರ ಇಡುತ್ತಾಳೆ. ನಾನು ಹಾಸ್ಟೆಲಿನಲ್ಲಿದ್ದಾಗ ಅವಳೂ ಮಾವನೂ ಇಲ್ಲಿಗೇ ಬಂದು, ಇದೇ ಯಂತ್ರದಲ್ಲಿ ಮಲಗಿ ಎದ್ದು ಹೋಗಿದ್ದರು. ಎರಡು ವರ್ಷಕ್ಕೆ ಮಾವ ಹೋದರು. ಪ್ಯಾಂಕ್ರಿಯಾಸಿನ ಕ್ಯಾನ್ಸರ್.

ಗಂಭೀರ ವಿಷಯ ಬಂತು. ಸಭೆ ಬರಖಾಸ್ತು.

ಮಾರ್ಚ್ ೬, ಬುಧವಾರ

ಈ ಸಂಸ್ಥೆಯ ಅಧ್ಯಕ್ಷರ ಭೇಟಿಯಾಯಿತು. ಅವರು ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ನೀರಿನಂಥ ಏನೋ ದ್ರವ. ದಿನಾ ಎಲ್ಲರಿಗಿಂತ ಮೊದಲು ಅವರನ್ನೇ ದೊಡ್ಡಪ್ಪನ ಹೊಟ್ಟೆಯಲ್ಲಿ ಮಲಗಿಸಿ ಚಿತ್ರ ತೆಗೆಯುತ್ತಾರೆ. ನಾನು ಅವರ ತಲೆಗೆ ಕಾಗದದ ಟೋಪಿ ತೊಡಿಸಿ, "ಅಧ್ಯಕ್ಷರು ಎರಡು ಮಾತು" ಎಂದು ಮೈಕಿನಲ್ಲಿ ಘೋಷಿಸಿದೆ.

"ಟೋಪಿ ತೆಗಿ" ಅಂದಳು ಅಕ್ಕ. "ಇವರು ಐದು ವರ್ಷದಿಂದ ಒಂದು ಚೂರೂ ಬದಲಾಗಿಲ್ಲ. ಇವರ ಚಿತ್ರ ಬದಲಾಯ್ತು ಅಂದ್ರೆ ಬದಲಾಗಿರೋದು ಮೆಷಿನ್ನು. ಇವರಿಲ್ದಿದ್ರೆ ಜನ ಬದಲಾದ್ರಾ, ಮೆಷಿನ್ ಬದಲಾಯ್ತಾ, ಹೆಂಗೆ ಗೊತ್ತಾಗೋದು?"

ಅಧ್ಯಕ್ಷರಾಗಲು ಏನು ಅರ್ಹತೆ ಬೇಕು ಎಂದು ಇವತ್ತು ತಿಳಿಯಿತು. ಏನೂ ಆಗದೆ ಇರುವುದು.

ಮಾರ್ಚ್ ೮, ಶುಕ್ರವಾರ

ಇಂದು ಒಬ್ಬ ಕ್ಷೌರಿಕರು ಒಳಗೆ ಮಲಗಿದ್ದರು. ಹಸನ್ಮುಖಿ. ಇಂಥವರ ಮುಂದೆ ನನ್ನ ನಾಲಿಗೆ ತುರಿಸುತ್ತದೆ. ಮೈಕು ಒತ್ತಿ ಆಸ್ಥಾನದ ದನಿಯಲ್ಲಿ, "ಮಾನ್ಯರೇ, ತಮ್ಮ ಉಸಿರನ್ನು ಒಳಗೆ ದಯಮಾಡಿಸಿ. ಅದಕ್ಕೊಂದು ಕುರ್ಚಿ ಕೊಡಿ. ಮತ್ತೆ ಹೇಳುವವರೆಗೆ ಅದು ಏಳಕೂಡದು" ಎಂದೆ.

ಉಸಿರು ಎದ್ದುಬಿಟ್ಟಿತು. ಮನುಷ್ಯ ಒಳಗೇ ಕುಲುಕುಲು ನಕ್ಕರು. ಅಕ್ಕ ಕುರ್ಚಿ ತಿರುಗಿಸಿ ನನ್ನನ್ನು ನೋಡಿದ ನೋಟವನ್ನು ಬರೆಯಲು ಬೇರೆ ಪೆನ್ನು ಬೇಕು. ಬೈಯಲಿಲ್ಲ. ಪರದೆಯ ಮೇಲೆ ಎರಡು ಚಿತ್ರ ಪಕ್ಕಪಕ್ಕ ಇಟ್ಟಳು.

"ಇದು ಸರಿಯಾಗಿ ಉಸಿರು ಹಿಡಿದದ್ದು. ಇದು ನಿನ್ನ ತಮಾಷೆ."

ಮೊದಲನೆಯದರಲ್ಲಿ ಲಿವರ್‌ನ ಅಂಚು ಕತ್ತರಿಸಿಟ್ಟ ಹಾಗಿತ್ತು. ಎರಡನೆಯದರಲ್ಲಿ ಅದೇ ಅಂಚು ನೀರಿನಲ್ಲಿ ಕಂಡ ಬೆಳಕಿನ ಹಾಗೆ ಪದರ ಪದರವಾಗಿ ಅಲುಗಿತ್ತು. ನಾನು ಎಷ್ಟೋ ಜನರನ್ನು ನಗಿಸಿದ್ದೇನೆ. ನಗು ಎಲ್ಲಿಯವರೆಗೆ ಇಳಿಯುತ್ತದೆ ಎಂದು ನೋಡಿರಲಿಲ್ಲ. ಮುಖದಲ್ಲೇ ಮುಗಿಯುತ್ತದೆ ಎಂದುಕೊಂಡಿದ್ದೆ.

ಚಿತ್ರವನ್ನು ಮತ್ತೆ ತೆಗೆದರು. ಈ ಸಲ ನಾನು ಬರೇ "ಹಿಡಿದುಕೊಳ್ಳಿ" ಅಂದೆ. ಹೋಗುವಾಗ ಕ್ಷೌರಿಕರು ನನ್ನ ತಲೆ ನೋಡಿ, "ಒಂದ್ಸಲ ಅಂಗಡಿ ಕಡೆ ಬನ್ನಿ, ನಿಮಗೂ ಉಸಿರು ಹಿಡಿಯೋ ಹಾಗೆ ಮಾಡ್ತೀನಿ" ಅಂದರು.

ಮಾರ್ಚ್ ೧೩, ಬುಧವಾರ

ನಾಲ್ಕು ದಿನ ಬರೆದಿಲ್ಲ. ಸಂಜೆಯಾದರೆ ಎದೆ ಬಿಗಿದಂತಾಗುತ್ತದೆ. ಆ ಕೋಣೆಯ ಚಳಿ ಇರಬೇಕು. ಕೋಟಿನೊಳಗೆ ಸ್ವೆಟರ್ ಹಾಕಿ ನೋಡಬೇಕು.

ಬೆಳಿಗ್ಗೆ ಒಬ್ಬ ಅಂಚೆಯವರು, ಅವರ ಹಿಂದೆಯೇ ಒಬ್ಬ ಅಂಗಡಿಯವರು. ಎತ್ತರ ಒಂದೇ, ತೂಕ ಒಂದೇ, ಹೊಟ್ಟೆಯೂ ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ. ಒಳಗೆ ನೋಡಿದರೆ ಬೇರೆ ಬೇರೆ ಮನೆ. ಅಂಚೆಯವರ ಕೊಬ್ಬೆಲ್ಲ ಚರ್ಮದ ಕೆಳಗೆ ಸಮಾಧಾನವಾಗಿ ಹಾಸಿಕೊಂಡಿದೆ. ಅಂಗಡಿಯವರದು ಕರುಳಿನ ಸುತ್ತ, ಲಿವರ್‌ನ ಒಳಗೆ, ಸಾಮಾನು ತುಂಬಿದ ಉಗ್ರಾಣದ ಹಾಗೆ ಕೂತಿದೆ. ತಕ್ಕಡಿಯ ಪ್ರಕಾರ ಇಬ್ಬರೂ ಒಂದೇ. ತಕ್ಕಡಿ ಇಷ್ಟು ವರ್ಷ ಜಗತ್ತಿಗೆ ಏನು ಕಥೆ ಹೇಳಿಕೊಂಡು ಬಂದಿದೆ ಎಂದು ಯೋಚನೆಯಾಯಿತು.

ಮತ್ತೆ ಆ ಹೃದಯ. ಅದು ಮುಷ್ಟಿಯಷ್ಟಿರುತ್ತದೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಹಿಂಡಿ ಹಿಂಡಿ ಬಿಡುವುದನ್ನು ನೋಡಿರಲಿಲ್ಲ. ಅಂಗಡಿಯವರು ಹೊರಗೆ ಬಂದು, "ಟೀ ಕೊಡ್ತೀರೇನ್ರೀ ಇಲ್ಲಿ?" ಎಂದು ಕೇಳಿದಾಗ ನಾನು ಅವರ ಎದೆಯನ್ನೇ ನೋಡುತ್ತಿದ್ದೆ. ಅವರ ಒಳಗೆ ಅದು ಆಗಲೂ ನಡೆಯುತ್ತಿತ್ತು, ಅವರ ಅಪ್ಪಣೆಗೆ ಕಾಯದೆ. ಟೀ ತಂದುಕೊಟ್ಟೆ. ಎರಡು ಸಲ.

ಮಾರ್ಚ್ ೧೫, ಶುಕ್ರವಾರ

ಇಂದಿನ ಘಟನೆಯನ್ನು ಪ್ರಹಸನ ಎಂದು ಶುರು ಮಾಡಿದ್ದೆ.

ಎರಡನೇ ಸುತ್ತಿಗೆ ಕರೆದೂ ಉತ್ತರ ಕೊಡದವರಿಗೆ ಮಧ್ಯಾಹ್ನ ಫೋನ್ ಮಾಡುವುದು ನನ್ನ ಕೆಲಸ. ಅಕ್ಕ ಕೊಟ್ಟ ನಂಬರುಗಳಲ್ಲಿ ಒಂದು, ನಾನು ನಾಲ್ಕನೇ ವಯಸ್ಸಿನಲ್ಲೇ ಬಾಯಿಪಾಠ ಮಾಡಿದ ನಮ್ಮ ಮನೆಯ ನಂಬರು. ಮನೆಯವರ ನಂಬರು ಬಂದರೆ ಬೇರೆಯವರ ಕೈಗೆ ಕೊಡಬೇಕು ಎಂಬುದು ಇಲ್ಲಿನ ನಿಯಮ. ನನಗೆ ಗೊತ್ತಿತ್ತು. ಆದರೆ ಅತ್ತೆಗೆ ಆಸ್ಥಾನದ ದನಿಯಲ್ಲಿ ಮಾತಾಡುವ ಅವಕಾಶ ಜೀವನದಲ್ಲಿ ಎಷ್ಟು ಸಲ ಸಿಗುತ್ತದೆ?

"ನಮಸ್ಕಾರ, ಮಾನ್ಯರೇ. ಆರೋಗ್ಯ ಅಧ್ಯಯನ ಕೇಂದ್ರದಿಂದ ಮಾತನಾಡುತ್ತಿದ್ದೇವೆ."

ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

"ಹೇಳಿ."

"ತಾವು ಎರಡನೆಯ ಸಲ ಬರಬೇಕಾದ ಕಾಲ ಸಮೀಪಿಸಿದೆ. ತಮ್ಮಿಂದ ಉತ್ತರವಿಲ್ಲ."

"ಬರಲ್ಲ ಅನ್ನೋದೇ ಉತ್ತರ."

"ಕಾರಣ ತಿಳಿಯಬಹುದೇ? ಕಡ್ಡಾಯವೇನಿಲ್ಲ."

ಕತ್ತರಿ ಕೆಳಗಿಟ್ಟ ಸದ್ದು. ಆಮೇಲೆ, "ನೀವು ಆಫೀಸರಾ?" ಅಂದಳು.

"ಹೌದು, ಮಾನ್ಯರೇ."

"ಹಾಗಾದ್ರೆ ಕೇಳಿಸ್ಕೊಳ್ಳಿ. ನಮ್ಮನೆಯವರೂ ನಾನೂ ಒಟ್ಟಿಗೇ ಬಂದಿದ್ವಿ. ಆಮೇಲೆ ನಿಮ್ಮಿಂದ ಕಾಗದ ಬಂತು, ತಿಳಿಸಬೇಕಾದಂಥದ್ದು ಏನೂ ಕಾಣಲಿಲ್ಲ ಅಂತ. ಅವರು ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ರು. ಬಂದೋರಿಗೆಲ್ಲ ತೋರಿಸೋರು, ನೋಡಿ ನಾನು ಒಳಗೂ ಸ್ವಚ್ಛ ಅಂತ. ಮುಂದಿನ ವರ್ಷ ಬೆನ್ನು ನೋವು ಶುರುವಾಯ್ತು. ನಾನೇನು ಮಾಡ್ದೆ? ಆ ಕಟ್ಟನ್ನ ತೋರಿಸ್ದೆ. ಅಷ್ಟು ದೊಡ್ಡ ಮೆಷಿನ್ನೇ ಏನಿಲ್ಲ ಅಂದಿದೆ, ನಿಮ್ಮದು ಸೋಮಾರಿ ನೋವು ಅಂದೆ. ಅವರು ನಕ್ಕುಬಿಟ್ರು. ಆಮೇಲೆ ನೋವು ಅಂತ ಹೇಳೋದನ್ನೇ ಬಿಟ್ರು. ಅವರಾಗೇ ಮತ್ತೆ ಹೇಳೋ ಹೊತ್ತಿಗೆ ತಡ ಆಗಿತ್ತು."

ನಾನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ, ಯಾಕೋ.

"ನಂಗೆ ಒಂದೇ ಗೊತ್ತಾಗ್ಬೇಕು, ಆಫೀಸರೇ. ಆವತ್ತು ಆ ಚಿತ್ರದಲ್ಲಿ ಅದು ಇತ್ತಾ, ಇಲ್ವಾ. ಅದನ್ನ ನನ್ನ ಎದುರಿಗೆ ಕೂತು ಹೇಳೋರು ಇದ್ರೆ ಬರ್ತೀನಿ. ಇಲ್ದಿದ್ರೆ ಇನ್ನೊಂದು ಸಲ ಫೋನ್ ಮಾಡ್ಬೇಡಿ."

"ತಿಳಿಸುತ್ತೇವೆ" ಎಂದೆ. ಮಾನ್ಯರೇ ಎನ್ನಲು ಆಗಲಿಲ್ಲ.

ಸಂಜೆ ಮನೆಗೆ ಹೋದಾಗ ಅವಳು ಎಂದಿನಂತೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಅಂಗಿಯ ಕಾಲರ್ ಬಿಚ್ಚುತ್ತಿದ್ದಳು. "ದಾಖಲೆಗಳೆಲ್ಲ ಕ್ಷೇಮವಾ?" ಅಂದಳು. ಆ ಗೋಡೆಯಲ್ಲಿ ಈಗ ಕಟ್ಟು ಇಲ್ಲ. ಮೊಳೆ ಇದೆ. ಅದರ ಕೆಳಗೇ ದಿನಾ ಕೂತು ಊಟ ಮಾಡುತ್ತೇನೆ. ಖಾಲಿ ಮೊಳೆ ಯಾಕಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಮಾರ್ಚ್ ೧೮, ಸೋಮವಾರ

ನೆರಳು ಡಾಕ್ಟರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಈ ಅಧ್ಯಯನದ ಚಿತ್ರಗಳನ್ನೆಲ್ಲ ನೋಡುವವರು ಅವರು. ದಿನವಿಡೀ ದೀಪ ಆರಿಸಿ ಪರದೆ ಮುಂದೆ ಕೂರುವುದರಿಂದ ಆ ಹೆಸರು ನಾನೇ ಇಟ್ಟದ್ದು, ಅವರಿಗೂ ಗೊತ್ತು.

"ಅತ್ತೆಗೆ ನೀನು ಅಂತ ಗೊತ್ತಾ?"

"ಇಲ್ಲ, ಡಾಕ್ಟರ್."

"ಬರ್ತೀನಿ ಅಂದ್ರಾ?"

"ಉತ್ತರ ಕೊಟ್ರೆ ಬರ್ತೀನಿ ಅಂದ್ಲು."

"ಹಾಗಾದ್ರೆ ಆ ಮಾತು ಲೆಕ್ಕಕ್ಕಿಲ್ಲ. ಇಲ್ಲಿಗೆ ಬರೋರಿಗೆ ನಾವೇನೂ ಕೊಡಲ್ಲ. ಔಷಧಿ ಇಲ್ಲ, ವಾಸಿ ಮಾಡಲ್ಲ. ಅವರಾಗೇ ಒಪ್ಪಿ ಬರ್ತಾರೆ ಅನ್ನೋದೊಂದರ ಮೇಲೆ ಈ ಕಟ್ಟಡ ನಿಂತಿದೆ. ವೇಷ ಹಾಕ್ಕೊಂಡು ತಗೊಂಡ ಒಪ್ಪಿಗೆ ನಂಗೆ ಬೇಡ. ಹೋಗಿ ನಿಜ ಹೇಳು. ಆಮೇಲೆ ಅವರಿಷ್ಟ."

ಕೆಲಸ ಹೋಯಿತು ಎಂದುಕೊಂಡು ಎದ್ದೆ. ಅವರು, "ಕೂತ್ಕೋ, ಒಂದು ತೋರಿಸ್ತೀನಿ" ಎಂದು ಇನ್ನೊಂದು ಪರದೆ ಹಚ್ಚಿದರು.

ಒಂದು ದೇಹ. ಆದರೆ ಅಂಚುಗಳೆಲ್ಲ ಮೆತ್ತಗೆ, ಬೆಳಗಿನ ಮಂಜಿನಲ್ಲಿ ಯಾರೋ ನಿಂತ ಹಾಗೆ. ಮೊದಲ ಸುತ್ತಿಗೆ ಬಂದ ಸಾವಿರಾರು ಜನರ ಚಿತ್ರಗಳನ್ನು ಒಂದೇ ಅಳತೆಗೆ ಹೊಂದಿಸಿ ಒಂದರ ಮೇಲೊಂದು ಇಟ್ಟರೆ ಹೀಗೆ ಕಾಣುತ್ತದಂತೆ. ಯಾರೂ ಅಲ್ಲದ ಮನುಷ್ಯ. ಎಲ್ಲರೂ ಆಗಿರುವ ಮನುಷ್ಯ. ಕಾಯಿಲೆ ಬಂದ ಮೇಲೆ ತೆಗೆದ ಚಿತ್ರಗಳು ಆಸ್ಪತ್ರೆಗಳಲ್ಲಿ ರಾಶಿ ಬಿದ್ದಿವೆ, ಬರುವುದಕ್ಕೆ ಮುಂಚಿನವು ಇರುವುದು ಅಪರೂಪ ಎಂದರು ಡಾಕ್ಟರ್. ಚೆನ್ನಾಗಿರುವಾಗಲೇ, ತಮಗೇನೂ ಲಾಭವಿಲ್ಲದೆ ಬಂದು ಮಲಗಿದವರಿಂದಲೇ ಅವು ಸಿಗಬೇಕು. ಮುಂದೆ ಅವರಲ್ಲಿ ಯಾರಿಗೋ ಏನೋ ಆಗುತ್ತದೆ. ಆಗ ಹಿಂತಿರುಗಿ ಅಂಥವರ ಚಿತ್ರಗಳನ್ನೆಲ್ಲ ಒಂದು ಕಡೆ, ಏನೂ ಆಗದವರದನ್ನು ಇನ್ನೊಂದು ಕಡೆ ಇಟ್ಟು ಕೇಳಬೇಕು: ಇಲ್ಲಿ ಮೊದಲೇ ಏನಾದರೂ ಬೇರೆ ಇತ್ತೇ? ಒಬ್ಬರ ಚಿತ್ರದಲ್ಲಿ ಕಾಣದ್ದು ನೂರಾರು ಜನರದನ್ನು ಜೋಡಿಸಿದಾಗ ಕಾಣಬಹುದು. ಕಾಣದೆಯೂ ಇರಬಹುದು.

"ಇದರಲ್ಲಿ ಮಾವ ಇದ್ದಾರಾ?"

"ಮೊದಲ ಸುತ್ತಿಗೆ ಬಂದಿದ್ರೆ ಇದ್ದಾರೆ. ಎಲ್ಲಿ ಅಂತ ಕೇಳ್ಬೇಡ. ಎಲ್ಲ ಕಡೆ ಇದ್ದಾರೆ."

ನನ್ನ ಬಳಿ ಯಾವ ಸಂದರ್ಭಕ್ಕೂ ಒಂದು ತಮಾಷೆ ತಯಾರಿರುತ್ತದೆ. ಹುಡುಕಿದೆ. ಇರಲಿಲ್ಲ.

ಮಾರ್ಚ್ ೧೯, ಮಂಗಳವಾರ

ಹೇಳಿದೆ. ಊಟ ಮಾಡುವಾಗ, ಮೊಳೆಯ ಕೆಳಗೆ ಕೂತು.

"ಅತ್ತೆ, ಆವತ್ತು ಫೋನ್ ಮಾಡಿದ ಆಫೀಸರು..."

"ನೀನೇ ತಾನೇ."

"ಗೊತ್ತಿತ್ತಾ?"

"ಮಾನ್ಯರೇ ಅಂದಾಗ್ಲೇ. ಯಾವ ಆಫೀಸಿನೋರು ಹಾಗೆ ಮಾತಾಡ್ತಾರೋ ಮಂಗ? ನಿಮ್ಮ ಮಾವನ ಹತ್ರ ಕಲಿತ ದನಿ ಅದು. ಅವರು ಹಾಲಿನೋನಿಗೂ ಹಾಗೇ ಮಾತಾಡ್ತಿದ್ರು."

"ಮತ್ತೆ ಅದೆಲ್ಲ ಯಾಕೆ ಹೇಳಿದೆ?"

ಅವಳು ನನ್ನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು. "ನಿಂಗೆ ಹೇಳೋಕಾಗ್ತಿರ್ಲಿಲ್ಲ. ಅದಕ್ಕೇ ಆಫೀಸರಿಗೆ ಹೇಳ್ದೆ."

ಡಾಕ್ಟರ್ ಹೇಳಿದ್ದನ್ನು ಒಪ್ಪಿಸಿದೆ. ಬರಬೇಕೆಂದಿಲ್ಲ, ಬಂದರೂ ಉತ್ತರ ಕೇಳಿ ಹಾಗೇ ವಾಪಸು ಹೋಗಬಹುದು ಎಂದೆ. ಅವಳು ಕತ್ತರಿ ಕೈಗೆತ್ತಿಕೊಂಡಳು. ಒಳ್ಳೆಯ ಲಕ್ಷಣ ಎಂದುಕೊಂಡಿದ್ದೇನೆ.

ಮಾರ್ಚ್ ೨೫, ಸೋಮವಾರ

ಬಂದಳು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಜಗಳಕ್ಕೆ ಬಂದವಳ ಹಾಗೆ. ನೆರಳು ಡಾಕ್ಟರ್ ದೀಪ ಹಾಕಿ ಕೂತಿದ್ದರು. ಅವರ ಕೋಣೆಯಲ್ಲಿ ದೀಪ ಉರಿಯುವುದನ್ನು ನೋಡಿದ್ದು ಇದೇ ಮೊದಲು. ನಾನು ಹೊರಗೆ ಹೋಗಲು ಹೊರಟರೆ ಅತ್ತೆ, "ಆಫೀಸರೂ ಇರ್ಲಿ" ಅಂದಳು.

ಪೀಠಿಕೆ ಇಲ್ಲದೆ ಕೇಳಿದಳು. "ಆವತ್ತು ಅದು ಇತ್ತಾ?"

"ಗೊತ್ತಿಲ್ಲಮ್ಮ" ಅಂದರು ಡಾಕ್ಟರ್. "ನಮಗೆ ಕಾಣ್ಲಿಲ್ಲ. ಕಂಡಿದ್ರೆ ಹೇಳ್ತಿದ್ವಿ. ನೀವು ಬರ್ತೀರಿ ಅಂತ ಮೊನ್ನೆ ಆ ಹಳೇ ಚಿತ್ರಾನ ಇನ್ನೊಂದು ಸಲ ನೋಡಿದೆ. ಈಗ್ಲೂ ನಂಗೆ ಕಾಣಲ್ಲ. ಆದ್ರೆ ಕಾಣಲ್ಲ ಅಂದ್ರೆ ಇಲ್ಲ ಅಂತ ಅಲ್ಲ. ಎಲ್ಲರಿಗೂ ಒಂದೇ ಥರ, ಬೇಗ ಬೇಗ ತೆಗೆಯೋ ಚಿತ್ರ ಅದು. ಒಬ್ಬರ ಕಾಯಿಲೆ ಹುಡುಕೋಕೆ ತೆಗೆದದ್ದಲ್ಲ."

"ಕಾಗದದಲ್ಲಿ ಏನೂ ಇಲ್ಲ ಅಂತ ಬರೆದಿದ್ರಿ."

"ಏನೂ ಕಾಣ್ಲಿಲ್ಲ ಅಂತ ಬರೆದಿದ್ವಿ. ಇದು ತಪಾಸಣೆ ಅಲ್ಲ, ಮೈ ಸರಿಯಿಲ್ಲ ಅನ್ನಿಸಿದ್ರೆ ಡಾಕ್ಟರ ಹತ್ರ ಹೋಗಿ ಅಂತಾನೂ ಬರೆದಿದ್ವಿ, ಕೆಳಗೆ, ಸಣ್ಣಕ್ಷರದಲ್ಲಿ. ಅದನ್ನ ದೊಡ್ಡದಾಗಿ ಮೇಲೆ ಬರೀಬೇಕಿತ್ತು. ಈಗ ಹಾಗೆ ಬರೀತೀವಿ. ಆ ತಪ್ಪು ನಮ್ಮದು, ನಿಮ್ಮದಲ್ಲ."

ಅತ್ತೆ ಸೆರಗಿನ ತುದಿಯನ್ನು ಮಡಿಸಿ ಬಿಚ್ಚಿ ಮಾಡಿದಳು. "ಬೆನ್ನು ನೋವು ಅಂದ ದಿನಾನೇ ಕರ್ಕೊಂಡು ಹೋಗಿದ್ರೆ ಉಳೀತಿದ್ರಾ?"

ಉಳಿಯುತ್ತಿರಲಿಲ್ಲ ಎಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಡಾಕ್ಟರ ಕಾಲು ಹಿಡಿದೆ. ಅದೆಷ್ಟು ಸುಲಭವಿತ್ತು.

"ಹೇಳಲಾರೆ" ಅಂದರು ಅವರು. "ಒಂದು ಸಲ ನಮ್ಮಿಂದ ನಿಮಗೆ ಸುಳ್ಳು ಸಮಾಧಾನ ಆಗಿದೆ. ಇನ್ನೊಂದು ಕೊಡಲ್ಲ."

ಅತ್ತೆ ಮಡಿಸಿದ ಸೆರಗನ್ನು ಕೈಬಿಟ್ಟು, "ಇಷ್ಟು ನೇರವಾಗಿ ಯಾರೂ ಹೇಳಿರ್ಲಿಲ್ಲ" ಅಂದಳು. ಆಮೇಲೆ, "ನಾನು ಬಂದ್ರೆ ಏನುಪಯೋಗ?"

"ನಿಮಗಾ? ಏನಿಲ್ಲ. ನಿಮ್ಮದು ಐದು ವರ್ಷದ ಹಿಂದಿನದೂ ಇದೆ. ಅದೇ ಮೈ, ಅದೇ ಯಂತ್ರ, ಮಧ್ಯೆ ಐದು ವರ್ಷ. ಏನೇನು ಬದಲಾಗುತ್ತೆ, ಯಾರಲ್ಲಿ ಬೇಗ, ಯಾರಲ್ಲಿ ನಿಧಾನ, ಅದು ಅಂಥ ಜೋಡಿಯಿಂದ ಮಾತ್ರ ಗೊತ್ತಾಗೋದು. ಯಾರಿಗೋ, ಯಾವತ್ತೋ ಉಪಯೋಗ ಆದೀತು."

"ಯೋಚ್ನೆ ಮಾಡ್ತೀನಿ" ಎಂದು ಎದ್ದು ಹೋದಳು. ಬಾಗಿಲಲ್ಲಿ ನನ್ನ ಕೋಟಿನ ತೋಳು ಹಿಡಿದು ನೋಡಿ, "ಇದನ್ನ ಯಾರು ಹೊಲಿದದ್ದು, ಹೊಟ್ಟೆಕಿಚ್ಚಿನವರಾ?" ಅಂದಳು.

ಏಪ್ರಿಲ್ ೨, ಮಂಗಳವಾರ

ನಿನ್ನೆ ಏಪ್ರಿಲ್ ಒಂದಾಗಿತ್ತು ಎಂದು ಈಗ ನೆನಪಾಯಿತು. ನಾನು ಯಾರನ್ನೂ ಫೂಲ್ ಮಾಡಲಿಲ್ಲ. ಬಹುಶಃ ಜ್ವರ ಬರುತ್ತಿದೆ.

ಎದೆ ಬಿಗಿತ ಸ್ವೆಟರ್ ಹಾಕಿದರೂ ಹೋಗಿಲ್ಲ. ಅಕ್ಕನಿಗೆ ಹೇಳಿದರೆ ಅವಳು ನಕ್ಕಳು. "ಚಳಿನೂ ಅಲ್ಲ, ಏನೂ ಅಲ್ಲ. ಒಳಗಿರೋರಿಗೆ ಹಿಡ್ಕೊಳ್ಳಿ ಅಂತ ಹೇಳಿ ಅವರ ಜೊತೆ ನೀನೂ ಹಿಡ್ಕೊಂಡಿರ್ತೀಯ. ಮೂರು ವಾರದಿಂದ ನೋಡ್ತಿದ್ದೀನಿ." ಇದು ಶುದ್ಧ ಅಪಪ್ರಚಾರ. ನಾನು ಲಿಖಿತ ಪ್ರತಿಭಟನೆ ಸಲ್ಲಿಸುವವನಿದ್ದೇನೆ.

ಅತ್ತೆ ಫೋನ್ ಮಾಡಿ ಗುರುವಾರ ಬರುತ್ತೇನೆ ಎಂದಳಂತೆ. ನನಗಲ್ಲ, ಅಕ್ಕನಿಗೆ. ಒಂದು ಷರತ್ತು ಹಾಕಿದ್ದಾಳಂತೆ: ಉಸಿರು ಹಿಡಿಯಲು ಹೇಳುವವರು ಆಫೀಸರೇ ಆಗಿರಬೇಕು.

ಏಪ್ರಿಲ್ ೪, ಗುರುವಾರ

ಬಟ್ಟೆ ಬದಲಾಯಿಸುವ ಕೋಣೆಯಿಂದ ಅಕ್ಕ ಒಂದು ಬಟ್ಟಲು ತಂದು ತೋರಿಸಿದಳು. ತುಂಬ ಗುಂಡುಪಿನ್ನು. ಸೆರಗಿನಲ್ಲಿ, ಕುಪ್ಪಸದ ಅಂಚಿನಲ್ಲಿ, ಜಡೆಯಲ್ಲಿ. "ಇವರನ್ನ ಹಾಗೇ ಒಳಗೆ ಬಿಟ್ಟಿದ್ರೆ ದೊಡ್ಡಪ್ಪ ಇವತ್ತು ಮುಳ್ಳುಹಂದಿ ಆಗ್ತಿದ್ದ" ಅಂದಳು. ಅವಳೂ ಈಗ ದೊಡ್ಡಪ್ಪ ಎಂದೇ ಕರೆಯುವುದು.

ಅತ್ತೆ ಕೇಂದ್ರದ ಅಂಗಿ ತೊಟ್ಟು ಮಲಗಿದಳು. ಅಷ್ಟು ಚಿಕ್ಕದಾಗಿ ಅವಳನ್ನು ನಾನು ನೋಡಿರಲಿಲ್ಲ. ಕೈಗೆ ರಬ್ಬರ್ ಗುಂಡು ಕೊಟ್ಟು, ಏನಾದರೂ ಆದರೆ ಒತ್ತು ಎಂದು ಹೇಳಿ ಬಂದೆ. ಮೇಜು ಒಳಗೆ ಸರಿಯಿತು. ಗುಂಡು ಒತ್ತಿದ ಗಂಟೆ ಆಗಲೇ ಹೊಡೆದುಕೊಂಡಿತು. ಓಡಿದೆ.

"ಏನಾಯ್ತು, ಅತ್ತೆ?"

"ಏನಿಲ್ಲ, ಆಫೀಸರೇ. ಕೆಲಸ ಮಾಡುತ್ತಾ ಅಂತ ನೋಡ್ದೆ."

ಇನ್ನು ಮೇಲೆ ನನ್ನನ್ನು ಯಾರೂ ಈ ಮನೆತನದ ಏಕೈಕ ಕಿಡಿಗೇಡಿ ಎನ್ನಕೂಡದು.

ಮೈಕು ಒತ್ತಿದೆ. "ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ." ಆಸ್ಥಾನದ ದನಿ ಬರಲಿಲ್ಲ. ದೊಡ್ಡಪ್ಪ ಗುಡುಗಿದ. ಪರದೆಯ ಮೇಲೆ ಅವಳು ಪದರ ಪದರವಾಗಿ ಮೂಡತೊಡಗಿದಳು. ಎರಡು ಕಪ್ಪು ಶ್ವಾಸಕೋಶ, ನಡುವೆ ಓರೆಯಾಗಿ ಕೂತ ಹೃದಯ, ಬಗ್ಗಿ ಬಗ್ಗಿ ಹೊಲಿದು ಬಾಗಿದ ಬೆನ್ನುಮೂಳೆ, ಒಂದೊಂದು ಮಣಿಯೂ ಸ್ಪಷ್ಟ. ಈ ಬೆನ್ನಿನ ಮೇಲೆ ನಾನು ಮಲಗಿದ್ದೇನೆ, ಈ ಪಕ್ಕೆಗೆ ಒದ್ದಿದ್ದೇನೆ. ಇಷ್ಟೆಲ್ಲ ಒಳಗಿಟ್ಟುಕೊಂಡು ಅವಳು ದಿನಾ ನನಗೆ ಅನ್ನ ಬಡಿಸುತ್ತಿದ್ದಳು, ಒಳಗೆ ಏನೂ ಇಲ್ಲದವಳ ಹಾಗೆ. ಎಲ್ಲರೂ ಹಾಗೇ. ಹಾಲಿನವನು, ಅಂಚೆಯವರು, ದಾರಿಯಲ್ಲಿ ಮೈಗೆ ಮೈ ತಾಗಿಸಿ ಹೋಗುವವರೆಲ್ಲ ಹೀಗೊಂದು ಲೋಕವನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಟೀ ಕೇಳುತ್ತಾರೆ.

"ಹೇಳೋ" ಅಂದಳು ಅಕ್ಕ.

ಬಾಯಿ ತೆರೆದೆ, ಮಾತು ಬರಲಿಲ್ಲ. ಮಾತಾಡಲು ಮೊದಲು ನಾನು ಉಸಿರು ಬಿಡಬೇಕಿತ್ತು. ಬಿಟ್ಟೆ. "ಬಿಡಿ" ಎಂದೆ. ಅಕ್ಕ ನನ್ನ ಕಡೆ ನೋಡಿದಳು, ಅಷ್ಟೇ. ಪ್ರತಿಭಟನೆಯನ್ನು ಹಿಂತೆಗೆದುಕೊಳ್ಳಬೇಕಾಗಬಹುದು.

ಆಮೇಲೆ ನೆರಳು ಡಾಕ್ಟರ್ ಆ ಮಂಜಿನ ಮನುಷ್ಯನನ್ನು ತೋರಿಸಿದರು. ಅತ್ತೆ ಪರದೆಯ ಹತ್ತಿರ ಹೋಗಿ, ಗಿರಾಕಿಯ ಅಳತೆ ನೋಡುವವಳ ಹಾಗೆ ಮೇಲಿಂದ ಕೆಳಗೆ ನೋಡಿದಳು.

"ರೆಡಿಮೇಡ್" ಅಂದಳು. "ಇಂಥೋರಿಗೆ ಹೊಲಿದದ್ದು ಯಾರಿಗೂ ಸರಿಯಾಗಿ ಕೂರಲ್ಲ."

ಡಾಕ್ಟರ್ ನಕ್ಕರು. "ಹೌದು. ಇದು ಬರೇ ಅಳತೆ ಹಿಡಿಯೋಕೆ."

"ಇದರಲ್ಲಿ ಅವರ ಪಾಲು ಎಷ್ಟು?"

"ಸಾವಿರಾರು ಜನರಲ್ಲಿ ಒಬ್ಬರದ್ದು."

ಅತ್ತೆ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಕೈ ಎತ್ತಿ, ಗಾಜು ಮುಟ್ಟದೆ, ಅದರ ಭುಜದ ಹತ್ತಿರ ಹಿಡಿದಳು.

"ಅವರು ಹಾಗೇ. ಗುಂಪಿನ ಫೋಟೋ ಅಂದ್ರೆ ಹಿಂದೆ ಹೋಗಿ ನಿಂತ್ಕೊಳ್ಳೋರು."

ಏಪ್ರಿಲ್ ೫, ಶುಕ್ರವಾರ

ಮೊಳೆಯಲ್ಲಿ ಅತ್ತೆಯ ಅಳತೆ ಟೇಪು ನೇತಾಡುತ್ತಿದೆ. ಯಾವಾಗ ಹಾಕಿದಳೋ ನೋಡಲಿಲ್ಲ. ನನ್ನ ನೀಲಿ ಕೋಟಿನ ತೋಳುಗಳನ್ನೂ ಬಿಚ್ಚಿ ಕೂತಿದ್ದಳು.

"ಮೂರು ತಿಂಗಳ ಕೆಲಸಕ್ಕೆ ಯಾಕೆ ತೋಳು ಸರಿ ಮಾಡ್ತಿದ್ದೀಯ, ಅತ್ತೆ?"

"ಐದು ವರ್ಷ ಬಿಟ್ಟು ಮತ್ತೆ ಬನ್ನಿ ಅಂದ್ರಲ್ಲ ಆ ಡಾಕ್ಟ್ರು. ಆಗ ಮೈಕಲ್ಲಿ ಯಾರಿರ್ತಾರೆ?"

"ಇರ್ತೀನಿ" ಎಂದೆ. ನಾನು ಹಾಗೆನ್ನುವೆನೆಂದು ನನಗೇ ಗೊತ್ತಿರಲಿಲ್ಲ.

ಅವಳು ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದು, ಮುಖ ಗಂಭೀರ ಮಾಡಿಕೊಂಡು, ಮಾವನ ದನಿಯಲ್ಲಿ ಕೇಳಿದಳು.

"ಅಲ್ಲೀವರೆಗೂ ಉಸಿರು ಹಿಡ್ಕೊಂಡೇ ಇರ್ಬೇಕಾ, ಆಫೀಸರೇ?"

"ಬೇಡ, ಮಾನ್ಯರೇ" ಎಂದೆ. "ಬಿಡಿ."

ಅವಳು 'ಹೂಂ' ಎಂದು ಉದ್ದನೆಯ ಉಸಿರು ಬಿಟ್ಟಳು.